ವಿದ್ಯಾರ್ಥಿಯ ವಾರದ ಲೆಕ್ಕವೂ ನಮ್ಮ ಉಪದೇಶವೂ



ಮಿತವ್ಯಯವನ್ನು ಕುರಿತು ಉಪದೇಶಿಸುವುದು ನಮ್ಮ ಸಮಾಜದಲ್ಲಿ ಅತ್ಯಂತ ಸುಲಭವಾದ ದಾನವಾಗಿ ಪರಿಣಮಿಸಿದೆ. ಕೊಡುವವನ ಗಂಟು ಕರಗುವುದಿಲ್ಲ. ಪಡೆಯುವವನ ಗಂಟು ಬೆಳೆಯುವುದಿಲ್ಲ. ಪ್ರತಿಭಾ ಪುರಸ್ಕಾರದ ಸಭೆಗಳಲ್ಲಿ, ಪುಣ್ಯಸ್ಮರಣೆಯ ವೇದಿಕೆಗಳಲ್ಲಿ, ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಹಾರ ಹಾಕಿಸಿಕೊಂಡ ಹಿರಿಯರೊಬ್ಬರು ಎದ್ದುನಿಂತು, ಇಂದಿನ ವಿದ್ಯಾರ್ಥಿಗಳಿಗೆ ದುಡ್ಡಿನ ಬೆಲೆ ತಿಳಿಯದು, ತಂದೆತಾಯಿಗಳ ಬೆವರಿನ ಅರಿವಿಲ್ಲ, ಅವರು ಮಿತವಾಗಿ ಬದುಕುವುದನ್ನು ಕಲಿಯಬೇಕು ಎಂದು ಬುದ್ಧಿ ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆ ಸಭೆಯ ಹಿಂದಿನ ಸಾಲಿನಲ್ಲಿ, ಸಮಾರಂಭದ ಕೊನೆಗೆ ಪ್ರಸಾದವಿದೆಯೆಂಬ ಒಂದೇ ಕಾರಣಕ್ಕಾಗಿ ಬಂದು ಕುಳಿತ ಹುಡುಗರು ಎಷ್ಟು ಮಂದಿ ಇರುತ್ತಾರೆಂಬುದನ್ನು ಮಾತ್ರ ಯಾರೂ ಎಣಿಸುವುದಿಲ್ಲ.

ಈ ಉಪದೇಶ ತಪ್ಪಾದ ವಿಳಾಸಕ್ಕೆ ಹೋಗುತ್ತಿರುವ ಪತ್ರವೆಂಬುದೇ ಈ ಲೇಖನದ ವಾದ. ಮಿತವ್ಯಯ ದೊಡ್ಡ ಗುಣ, ಅದರಲ್ಲಿ ಸಂದೇಹವಿಲ್ಲ. ಆದರೆ ಬಿಡಬಹುದಾದದ್ದನ್ನು ಬಿಡುವುದಕ್ಕೆ ಮಾತ್ರ ಮಿತವ್ಯಯವೆಂಬ ಹೆಸರು ಸಲ್ಲುತ್ತದೆ. ಹೊಟ್ಟೆಯ ಹೊರತು ಬಿಡುವುದಕ್ಕೆ ಬೇರೇನೂ ಇಲ್ಲದವನಿಗೆ ಅದನ್ನು ಬೋಧಿಸಿದರೆ ನಾವು ಬೋಧಿಸಿದ್ದು ಉಪವಾಸವನ್ನು.

ಮಾತು ಗಾಳಿಯಲ್ಲಿ ತೇಲಬಾರದು. ಧಾರವಾಡದಲ್ಲಿ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಯ ಲೆಕ್ಕವನ್ನೇ ಮುಂದಿಟ್ಟುಕೊಳ್ಳೋಣ. ಕರ್ನಾಟಕ ವಿಶ್ವವಿದ್ಯಾಲಯದ ಕಲ್ಲಿನ ಕಟ್ಟಡವನ್ನು ದೂರದಿಂದ ಕಂಡು, ಅಲ್ಲಿ ತನ್ನ ಮಗ ಓದುತ್ತಾನೆಂದು ಹೆಮ್ಮೆಪಡುವ ಒಣಬೇಸಾಯದ ರೈತನೊಬ್ಬ ತಿಂಗಳಿಗೆ ೫,೦೦೦ ರೂಪಾಯಿ ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ವಸತಿನಿಲಯದಲ್ಲಿ ಸ್ಥಳ ದೊರೆತಿಲ್ಲ. ಮೂವರು ಕೂಡಿ ಹಿಡಿದ ಖೋಲಿಯ ಬಾಡಿಗೆ, ದೀಪ, ನೀರು ಸೇರಿ ಒಬ್ಬನ ಪಾಲಿಗೆ ೧,೮೦೦. ಫೋನಿನ ರೀಚಾರ್ಜ್ ಸುಮಾರು ೩೦೦. ಜೆರಾಕ್ಸ್, ವಹಿ, ಸಾಬೂನು, ಊರಿಗೆ ಹೋಗಿಬರುವ ಬಸ್ಸು, ಇವೆಲ್ಲ ಸೇರಿ ೪೦೦. ಉಳಿದದ್ದು ೨,೫೦೦. ಊರೂರಿಗೆ ದರ ಬೇರೆಯಾಗಬಹುದು. ಓದುಗರು ತಮ್ಮ ಊರಿನ ದರವನ್ನು ಹಾಕಿ ನೋಡಲಿ, ಲೆಕ್ಕದ ಸ್ವಭಾವ ಬದಲಾಗುವುದಿಲ್ಲ.

ಈ ಖರ್ಚುಗಳಲ್ಲಿ ಬಾಗುವವು ಯಾವುವು, ಬಾಗದವು ಯಾವುವು ಎಂದು ನೋಡಿ. ಬಾಡಿಗೆ ಬಾಗದು, ತಿಂಗಳ ಐದನೆಯ ತಾರೀಖಿಗೆ ಮಾಲಕರು ಬಾಗಿಲಿಗೆ ಬರುತ್ತಾರೆ. ಪರೀಕ್ಷಾ ಶುಲ್ಕ ಬಾಗದು. ಕಡೆಯ ದಿನ ದಾಟಿದರೆ ದಂಡ ಸೇರುತ್ತದೆ. ಜೆರಾಕ್ಸ್ ಅಂಗಡಿಯವನು ಸಾಲ ಕೊಡನು. ಬಸ್ಸಿನ ಟಿಕೀಟು ಬಾಗದು. ಇಡೀ ಲೆಕ್ಕದಲ್ಲಿ ದಂಡ ಹಾಕದೆ, ನೋಟೀಸು ಕೊಡದೆ, ಬಾಗಿಲು ತಟ್ಟದೆ ಕಡಿತಕ್ಕೆ ಒಪ್ಪಿಕೊಳ್ಳುವುದು ಒಂದೇ ಒಂದು, ಅದು ಊಟ. ಬೆಳಗಿನ ಉಪಾಹಾರವನ್ನು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿಯ ಊಟಕ್ಕೆ ಬದಲು ಒಂದು ಪ್ಲೇಟು ಗಿರ್ಮಿಟ್ ತಿಂದು ಚಹಾ ಕುಡಿದರೆ ಸಹಪಾಠಿಗಳು ಅದನ್ನು ರುಚಿಯೆಂದೇ ತಿಳಿಯುತ್ತಾರೆ. ಆದ್ದರಿಂದ ಈ ವಿದ್ಯಾರ್ಥಿಗೆ ಖರ್ಚು ಕಡಿಮೆ ಮಾಡೆಂದು ನಾವು ಹೇಳಿದಾಗಲೆಲ್ಲ ಆ ಮಾತು ನೇರವಾಗಿ ಅವನ ತಾಟಿಗೆ ಹೋಗಿ ಮುಟ್ಟುತ್ತದೆ. ನಾವು ಹಾಗೆ ಉದ್ದೇಶಿಸಿರಲಿಲ್ಲವೆಂಬುದು ಬೇರೆ ಮಾತು.

ಇನ್ನು ಈ ೨,೫೦೦ ರೂಪಾಯಿ ನಡೆಯುವ ಬಗೆ ನೋಡಿ. ನಮ್ಮ ಹಳ್ಳಿಗಳಲ್ಲಿ ಹಣಕ್ಕೆ ವಾರದ ನಡಿಗೆ. ಸಂತೆ ವಾರಕ್ಕೊಮ್ಮೆ, ಕೂಲಿಯ ಬಟವಾಡೆ ವಾರಕ್ಕೊಮ್ಮೆ. ಬಾಡಿಗೆಗೆ ತಿಂಗಳ ನಡಿಗೆ. ಶುಲ್ಕಕ್ಕೆ ಸೆಮಿಸ್ಟರಿನ ನಡಿಗೆ. ಒಕ್ಕಲಿಗನ ಮನೆಯ ಬೆಳೆಗಾದರೋ ವರುಷಕ್ಕೆ ಒಂದೆರಡು ಸಲವೇ ಸುಗ್ಗಿ. ಪ್ರವೇಶದ ಶುಲ್ಕ ಕಟ್ಟುವ ಕಾಲ ಬಹುಮಟ್ಟಿಗೆ ಮುಂಗಾರಿನ ಬೀಜ ಗೊಬ್ಬರದ ಕಾಲವೇ ಆಗಿರುತ್ತದೆ. ರೈತನ ಕೈ ವರ್ಷದಲ್ಲಿ ಅತ್ಯಂತ ಬರಿದಾಗಿರುವುದು ಆಗಲೇ. ಈ ನಾಲ್ಕು ಪಂಚಾಂಗಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಇಪ್ಪತ್ತೊಂದು ವಯಸ್ಸಿನ ಹುಡುಗನ ಪಾಲಿಗೆ ಬಂದಿದೆ. ವಾಣಿಜ್ಯಶಾಸ್ತ್ರದ ಪದವೀಧರರಿಗೂ ಇದು ಸುಲಭವಲ್ಲ.

ಅವನು ಸಹಜವಾಗಿ ತಿಂಗಳಿಗೆ ನಾಲ್ಕು ವಾರವೆಂದು ಭಾವಿಸಿ ೨,೫೦೦ನ್ನು ನಾಲ್ಕರಿಂದ ಭಾಗಿಸಿ ವಾರಕ್ಕೆ ೬೨೫ ಎಂದು ಬರೆದುಕೊಳ್ಳುತ್ತಾನೆ. ತಪ್ಪು ಇಲ್ಲಿಯೇ ಹುಟ್ಟಿತು. ನಾಲ್ಕು ವಾರವೆಂದರೆ ೨೮ ದಿನ. ಉಳಿದ ಎರಡು ಮೂರು ದಿನಗಳು ಯಾರ ಲೆಕ್ಕಕ್ಕೂ ಸೇರದ ಅನಾಥ ದಿನಗಳು. ವರ್ಷಕ್ಕೆ ಇಂಥವು ೨೯. ಪ್ರತಿ ತಿಂಗಳ ಕಡೆಯಲ್ಲಿ ಕೈಗಡ ಕೇಳುವ, ಜ್ವರವೆಂದು ಹೇಳಿ ಖೋಲಿಯಲ್ಲಿ ಮಲಗುವ, ಊರಿಗೆ ಹೋಗಲೇಬೇಕಾಯಿತೆಂದು ತರಗತಿ ತಪ್ಪಿಸುವ ದಿನಗಳು ಇವೇ. ಅಧ್ಯಾಪಕರು ಹಾಜರಿ ಪುಸ್ತಕವನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ತಿಂಗಳ ಕೊನೆಯ ಗೈರುಹಾಜರಿಯಲ್ಲಿ ಸೋಮಾರಿತನ ಎಷ್ಟು, ಹಸಿವು ಎಷ್ಟು ಎಂಬುದು ತಿಳಿದೀತು. ಸರಿಯಾದ ಲೆಕ್ಕವೆಂದರೆ ಮೊದಲು ಮೂವತ್ತರಿಂದ ಭಾಗಿಸಿ, ಅನಂತರ ಏಳರಿಂದ ಗುಣಿಸಬೇಕು. ಆಗ ವಾರಕ್ಕೆ ದೊರೆಯುವುದು ೫೮೩. ನಲವತ್ತೆರಡು ರೂಪಾಯಿಯ ಈ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ದೂರವಾಣಿಯ ಕಂಪನಿಗಳಿಗೆ ಇದು ಅಲ್ಪವೆಂದು ಎಂದೂ ತೋರಲಿಲ್ಲ. ಅವರು ರೀಚಾರ್ಜಿನ ಅವಧಿಯನ್ನು ೨೮ ದಿನಕ್ಕೆ ಕತ್ತರಿಸಿ, ಹನ್ನೆರಡು ತಿಂಗಳ ವರ್ಷದಲ್ಲಿ ಹದಿಮೂರು ಸಲ ಹಣ ಪಡೆಯುವ ಉಪಾಯವನ್ನು ಕಂಡುಕೊಂಡರು. ೨೦೨೨ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಪ್ರತಿಯೊಂದು ಕಂಪನಿಯೂ ೩೦ ದಿನದ ಒಂದು ಯೋಜನೆಯನ್ನಾದರೂ ಇಡಬೇಕೆಂದು ಆಜ್ಞೆ ಮಾಡಬೇಕಾಯಿತು. ಸಿರಿವಂತನಿಗೆ ಲಾಭವಾಗುವ ಎರಡು ದಿನಗಳೇ ಬಡವನಿಗೆ ಉಪವಾಸದ ಎರಡು ದಿನಗಳಾಗುತ್ತವೆ.

ಇದಕ್ಕಿಂತಲೂ ಕಠೋರವಾದ ಸಂಗತಿಯೊಂದಿದೆ. ಬಡವನು ಕೊಳ್ಳುವ ವಸ್ತು ಯಾವಾಗಲೂ ತುಟ್ಟಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಖಾನಾವಳಿಗಳನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅನೇಕ ಖಾನಾವಳಿಗಳ ಫಲಕದ ಮೇಲೆ ನಮ್ಮ ಸಮಾಜದ ಹೆಸರೇ ಇರುತ್ತದೆ. ಜೋಳದ ರೊಟ್ಟಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಅನ್ನ, ಸಾರು, ಮಜ್ಜಿಗೆಯ ಆ ಊಟಕ್ಕೆ ಸಮನಾದದ್ದು ಮತ್ತೊಂದಿಲ್ಲ. ಅಲ್ಲಿ ಎರಡು ದರಗಳು. ತಿಂಗಳ ಮೊದಲಿಗೇ ಮುಂಗಡ ಕೊಟ್ಟವನಿಗೆ ಒಂದು. ಊಟ ಮಾಡಿ ಆಗಲೇ ಹಣ ಕೊಡುವವನಿಗೆ ಮತ್ತೊಂದು. ಮುಂಗಡದ ದರ ಎರಡು ಹೊತ್ತಿಗೆ ತಿಂಗಳಿಗೆ ೩,೦೦೦ ಎಂದೂ, ಬಿಡಿ ಊಟಕ್ಕೆ ೭೫ ಎಂದೂ ಹಿಡಿಯಿರಿ. ಭಾನುವಾರ ರಾತ್ರಿ ಖಾನಾವಳಿಗೆ ರಜೆ. ಅದನ್ನು ಕಳೆದರೂ ಮುಂಗಡ ಕೊಟ್ಟವನಿಗೆ ತಿಂಗಳಿಗೆ ೫೬ ಊಟಗಳು ದೊರೆಯುತ್ತವೆ. ನಮ್ಮ ಹುಡುಗನಲ್ಲಿ ಇರುವುದು ೨,೫೦೦. ಐನೂರು ಸಾಲದು. ಆದ್ದರಿಂದ ಅವನು ಬಿಡಿಯಾಗಿಯೇ ಉಣ್ಣಬೇಕು. ೨,೫೦೦ರಲ್ಲಿ ಬಿಡಿ ಊಟಗಳು ೩೩. ಮೂವತ್ತು ದಿನಗಳಿಗೆ ಮೂವತ್ತಮೂರು ಊಟ! ಐನೂರು ರೂಪಾಯಿಯ ಕೊರತೆ ಇಪ್ಪತ್ತಮೂರು ಊಟಗಳನ್ನು ನುಂಗಿತು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇವೆ. ಈ ಹುಡುಗನು ದುಂದುಗಾರನಲ್ಲ. ಅವನು ಬೇಡಿದ್ದು ಐದು ಸಾವಿರವಲ್ಲ, ಹತ್ತು ಸಾವಿರವಲ್ಲ. ಅವನಿಗೆ ಸಾಲದೆ ಬಂದದ್ದು ಐನೂರು. ಅದೂ ತಿಂಗಳ ಮೊದಲ ದಿನ ಕೈಯಲ್ಲಿ ಇರದೆ ಹೋದ ಐನೂರು. ಇಂಥವನ ಮುಂದೆ ಮಿತವ್ಯಯದ ಭಾಷಣ ಮಾಡುವುದು, ಕಟ್ಟೆ ಒಡೆದ ಕೆರೆಯ ಮುಂದೆ ನಿಂತು ನೀರನ್ನು ಹಿತಮಿತವಾಗಿ ಬಳಸಿರೆಂದು ಡಂಗುರ ಹೊಡೆದಂತೆ.

ಇಲ್ಲಿಗೆ ಹಿರಿಯರು ಎದ್ದು ಹೇಳುವ ಮಾತು ನಮಗೆ ಗೊತ್ತಿದೆ. “ನಮ್ಮ ಕಾಲದಲ್ಲಿ ಇಷ್ಟೂ ಇರಲಿಲ್ಲ. ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಒಣಗಿದ ರೊಟ್ಟಿಯನ್ನು ಚಟ್ನಿಯಲ್ಲಿ ಅದ್ದಿಕೊಂಡು ತಿಂದು ಓದಿದೆವು. ನಾವು ದೊಡ್ಡವರಾಗಲಿಲ್ಲವೇ?”

ಆದಿರಿ, ಸಂತೋಷ. ಆದರೆ ಆ ಬುತ್ತಿ ಯಾರ ಮಿತವ್ಯಯದ ಫಲ? ನಸುಕಿನ ನಾಲ್ಕು ಗಂಟೆಗೆದ್ದು ರೊಟ್ಟಿ ಬಡಿದ ತಾಯಿ, ಅದನ್ನು ಧೋತರದ ತುಂಡಿನಲ್ಲಿ ಕಟ್ಟಿ ಬಸ್ಸಿನವರೆಗೆ ಓಡಿದ ತಮ್ಮ, ಬಾಡಿಗೆ ಕೇಳದೆ ಗಂಟನ್ನು ತನ್ನ ಸೀಟಿನ ಪಕ್ಕದಲ್ಲಿಟ್ಟುಕೊಂಡು ತಂದ ಡ್ರೈವರು, ಯಾವ ಗಂಟು ಯಾರದೆಂದು ಹೆಸರು ಕೂಗಿ ಕೊಟ್ಟ ಕಂಡಕ್ಟರು, ಇಷ್ಟು ಜನರ ಕೈ ದಾಟಿ ಆ ರೊಟ್ಟಿ ನಿಮ್ಮ ಬಾಯಿಗೆ ಬಂದಿತು. ನೀವು ಕಷ್ಟಪಟ್ಟದ್ದು ನಿಜ, ಹಸಿದದ್ದು ಮಾತ್ರ ಕಡಿಮೆ. ನಿಮ್ಮ ಹಸಿವನ್ನು ಬೇರೆಯವರು ಹಂಚಿಕೊಂಡಿದ್ದರು. ಅದನ್ನು ಸ್ವಂತ ಸಾಮರ್ಥ್ಯವೆಂದು ಹೇಳಿಕೊಳ್ಳುವುದು ಸಲ್ಲದು.

ಬುತ್ತಿಯಿಲ್ಲದವರಿಗೆ ಆಗ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಓದಿ ಮುಂದೆ ಬಂದವರ ಆತ್ಮಕಥನಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅದರಲ್ಲಿ ಅಪಮಾನವೂ ಇತ್ತು. ಮನೆಯೊಡತಿಯ ಮುಖ ನೋಡಿ ಎರಡನೆಯ ಸಲ ಅನ್ನ ಕೇಳದೆ ಎದ್ದವರೆಷ್ಟೋ. ಯಾವ ಜಾತಿಯ ಹುಡುಗನಿಗೆ ಯಾವ ಮನೆಯ ಬಾಗಿಲು ತೆರೆಯುತ್ತಿತ್ತೆಂಬುದನ್ನು ಕೇಳಿದರೆ ಆ ಪದ್ಧತಿಯ ಇನ್ನೊಂದು ಮುಖ ಕಾಣುತ್ತದೆ. ಈ ಎರಡೂ ದೋಷಗಳನ್ನು ಕಂಡೇ ನಮ್ಮ ಹಿರಿಯರು ಪ್ರಸಾದ ನಿಲಯಗಳನ್ನು ಕಟ್ಟಿದರು. ಅಲ್ಲಿ ಬೇಡುವ ಹಂಗಿಲ್ಲ, ಮನೆಮನೆಯ ಹೊಸ್ತಿಲಿಲ್ಲ. ಗಂಟೆ ಬಾರಿಸಿದಾಗ ಪಂಕ್ತಿಯಲ್ಲಿ ಕುಳಿತರೆ ಸಾಕು. ಧಾರವಾಡದ ಮುರುಘಾಮಠ, ಮೈಸೂರು ಸೀಮೆಯ ಸುತ್ತೂರು, ತುಮಕೂರಿನ ಸಿದ್ಧಗಂಗೆಗಳಲ್ಲಿ ಉಂಡು ಓದಿದವರು ಇಂದು ಯಾವ ಯಾವ ಪದವಿಗಳಲ್ಲಿ ಇದ್ದಾರೆಂಬುದನ್ನು ಅವರೇ ನೆನೆಯಲಿ. ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳ ಬಳಿಗೆ ಜಾತಿಮತಗಳ ಭೇದವಿಲ್ಲದೆ ಬಂದ ಸಾವಿರ ಸಾವಿರ ಮಕ್ಕಳಿಗೆ ಮೊದಲು ದೊರೆತದ್ದು ತಟ್ಟೆ. ಪಾಠ ಬಂದದ್ದು ಆಮೇಲೆ.

ಅದಕ್ಕೂ ಮೊದಲಿನ ಮಾತು ಹೇಳುವುದಾದರೆ, ೧೮೮೩ರಷ್ಟು ಹಿಂದೆಯೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆಂದು ವಿದ್ಯಾಭಿವೃದ್ಧಿಯ ನಿಧಿಯೊಂದು ಸ್ಥಾಪಿತವಾಯಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟರು. ಈ ಹಿರಿಯರು ವಿದ್ಯಾರ್ಥಿಗಳಿಗೆ ಮಿತವ್ಯಯದ ಪಾಠ ಹೇಳುತ್ತ ಕೂಡ್ರಲಿಲ್ಲ. ಹಣ ಎಲ್ಲಿ ಸಾಲದೋ ಅಲ್ಲಿ ಹಣ ಇಟ್ಟರು.

ಇನ್ನು ನಮ್ಮ ಉಪನ್ಯಾಸಕರಿಗೆ ಅತಿ ಪ್ರಿಯವಾದ ಉದಾಹರಣೆಗೆ ಬರೋಣ. ಮಿತವ್ಯಯದ ಮಾತು ಬಂದೊಡನೆ ಆಯ್ದಕ್ಕಿ ಲಕ್ಕಮ್ಮನವರ ಹೆಸರು ವೇದಿಕೆಯ ಮೇಲೆ ಬಂದೇ ಬರುತ್ತದೆ. ಪತಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದಷ್ಟೇ ಸಾಕು, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬನ್ನಿರೆಂದು ಆ ಮಹಾತಾಯಿ ಹೇಳಿದ ಪ್ರಸಂಗ. ಇದನ್ನು ಹೇಳಿ, ನೋಡಿ ಮಕ್ಕಳೇ, ಅತಿಯಾಸೆ ಕೂಡದು ಎಂದು ಮುಗಿಸುತ್ತಾರೆ. ಮಾನ್ಯರೇ, ಪ್ರಸಂಗವನ್ನು ಇನ್ನೊಮ್ಮೆ ಓದಿ. ಲಕ್ಕಮ್ಮನವರು ಆಕ್ಷೇಪಿಸಿದ್ದು ಬೇಕಾದದ್ದಕ್ಕಿಂತ ಹೆಚ್ಚು ತಂದವರನ್ನು. ಬೇಕಾದಷ್ಟೂ ದೊರೆಯದವನಿಗೆ, ಇನ್ನೂ ಒಂದು ಹಿಡಿ ಬಿಟ್ಟು ಬಾ ಎಂದು ಅವರು ಹೇಳಲಿಲ್ಲ. ಅಷ್ಟೇ ಅಲ್ಲ, ಆ ದಂಪತಿಗಳು ಆಯ್ದ ಅಕ್ಕಿಯಿಂದಲೇ ದಾಸೋಹ ನಡೆಸಿದರೆಂಬುದು ಶರಣ ಪರಂಪರೆ ಹೇಳುವ ಮಾತು. ಆ ಅಳತೆಯಲ್ಲಿ ಬೇರೆಯವರ ಊಟವೂ ಸೇರಿತ್ತು. ಹೀಗಿರುವಾಗ ಲಕ್ಕಮ್ಮನವರ ಮಾತು ಸಭಾಂಗಣದ ಹಿಂದಿನ ಸಾಲಿನ ಹುಡುಗನಿಗೆ ಸಲ್ಲುವುದೋ, ಮುಂದಿನ ಸಾಲಿನ ಸೋಫಾದಲ್ಲಿ ಕುಳಿತವರಿಗೆ ಸಲ್ಲುವುದೋ ಎಂಬುದನ್ನು ಉಪನ್ಯಾಸಕರು ವಿಚಾರಿಸಲಿ.

ವಿದ್ಯಾರ್ಥಿಗಳಲ್ಲಿ ದೋಷವೇ ಇಲ್ಲವೇ ಎಂದರೆ, ಇದೆ. ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿ ಮುಖಕ್ಕೆ ಬಳಿಯುವ ಹೊಸ ಸಂಪ್ರದಾಯ ಅನ್ನಕ್ಕೆ ಮಾಡುವ ಅಪಚಾರವೇ ಸರಿ. ಗೆಳೆಯರ ಸರಿಸಮ ಕಾಣಬೇಕೆಂಬ ಹಟದಿಂದ ಕಂತಿನ ಮೇಲೆ ಫೋನು ಕೊಂಡು, ಕಂತು ತುಂಬಲು ಮತ್ತೊಂದು ಸಾಲ ಮಾಡುವವರಿದ್ದಾರೆ. ಫೋನಿನಲ್ಲಿಯೇ ಐದು ನಿಮಿಷಗಳಲ್ಲಿ ದೊರೆಯುವ ಸಾಲಕ್ಕೆ ಕೈಹಾಕಿ, ಬಡ್ಡಿ ಏರಿದಾಗ ಬಂಧುಬಳಗಕ್ಕೆಲ್ಲ ಬೆದರಿಕೆಯ ಕರೆ ಹೋಗಿ ಮಾನ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಇವುಗಳನ್ನು ಖಂಡಿಸಲೇಬೇಕು. ಆದರೆ ಫೋನನ್ನೇ ವಿಲಾಸವೆಂದು ಜರಿಯುವವರು ಒಂದು ಸಂಗತಿಯನ್ನು ತಿಳಿಯಬೇಕು: ಇಂದು ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರ ಮೂಲಕವೇ ಬರುತ್ತವೆ. ೧೯೮೦ರ ವಿದ್ಯಾರ್ಥಿಗೆ ಲೇಖನಿ ಎಷ್ಟು ವಿಲಾಸವಾಗಿತ್ತೋ ಇಂದಿನವನಿಗೆ ಫೋನು ಅಷ್ಟೇ ವಿಲಾಸ.

ವಿದ್ಯಾರ್ಥಿಗಳಿಗೆ ಹೇಳಬೇಕಾದ ಬುದ್ಧಿ ಇದ್ದರೆ ಅದು ಬೇರೆಯೇ. ಹಣ ಬಂದ ದಿನವೇ ಮೊದಲು ಊಟದ ಹಣವನ್ನು ತೆಗೆದಿಡಿ, ಬಾಡಿಗೆಗಿಂತಲೂ ಮೊದಲು. ಮಾಲಕರು ನಾಲ್ಕು ದಿನ ಕಾಯುತ್ತಾರೆ, ಹೊಟ್ಟೆ ಕಾಯುವುದಿಲ್ಲ. ಪೂರ್ಣ ಮುಂಗಡ ಸಾಧ್ಯವಿಲ್ಲದಿದ್ದರೆ ಹದಿನೈದು ದಿನದ ಮುಂಗಡಕ್ಕೆ ಖಾನಾವಳಿಯವರನ್ನು ಕೇಳಿ. ಕೇಳಿದವರಿಗೆ ಇಲ್ಲವೆನ್ನದ ದೊಡ್ಡ ಮನಸ್ಸಿನ ಖಾನಾವಳಿಯವರು ಇಂದಿಗೂ ಇದ್ದಾರೆ. ಖೋಲಿಯ ಮೂವರೂ ಒಂದೇ ಒಲೆಯ ಮೇಲೆ ಅನ್ನ ಬೇಳೆ ಬೇಯಿಸುವುದಾದರೆ, ಬೇಳೆ, ಅಕ್ಕಿ, ಎಣ್ಣೆಗಳನ್ನು ಚಿಕ್ಕ ಪೊಟ್ಟಣಗಳಲ್ಲಿ ಕೊಳ್ಳದೆ ಮೂವರ ಹಣವನ್ನು ಕೂಡಿಸಿ ಒಮ್ಮೆಲೇ ಕೊಳ್ಳಿ. ಊರಿಗೆ ಹೋದಾಗ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ ತರಲು ನಾಚಬೇಡಿ. ಎರಡು ಮೂರು ವಾರ ಕೆಡದ ಅಂಥ ಆಹಾರ ಪೇಟೆಯ ಯಾವ ಬಿಸ್ಕೀಟಿಗೂ ಕಡಿಮೆಯಲ್ಲ. ನೆನೆಸಿದ ಹೆಸರು, ಕಡಲೆ, ಒಂದು ಹಿಡಿ ಶೇಂಗಾ ದಿನಾಲು ಬಾಯಿಗೆ ಬೀಳಲಿ. ಚಹಾ ಕುಡಿದು ಹಸಿವನ್ನು ಮುಚ್ಚುವ ಅಭ್ಯಾಸ ಮಾತ್ರ ಬೇಡ. ಹಸಿವು ಮುಚ್ಚಿಹೋಗುತ್ತದೆ, ನಿಶ್ಶಕ್ತಿ ಉಳಿಯುತ್ತದೆ.

ವಿದ್ಯಾರ್ಥಿನಿಯರ ಲೆಕ್ಕ ಇದಕ್ಕಿಂತ ಬಿಗಿಯಾದುದು. ೨೦೨೩ರ ಜೂನಿನಿಂದ ರಾಜ್ಯದ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣ ದೊರೆತದ್ದರಿಂದ ಎಷ್ಟೋ ಹೆಣ್ಣುಮಕ್ಕಳು ದಿನಾಲು ಊರಿನಿಂದಲೇ ಬಂದು ಓದುವುದು ಸಾಧ್ಯವಾಯಿತು; ಇದು ನಿಜವಾದ ಉಪಕಾರ. ಆದರೆ ನಸುಕಿನ ಬಸ್ಸಿಗೆ ಓಡುವ ಹುಡುಗಿ ಏನು ತಿಂದು ಓಡುತ್ತಾಳೆ? ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರು. ಮನೆಯಲ್ಲಿ ಕಡೆಯಲ್ಲಿ ಉಣ್ಣುವ ಪದ್ಧತಿಯನ್ನು ಕಲಿತ ಮಗಳು ನಗರಕ್ಕೆ ಬಂದಮೇಲೆಯೂ ಮೊದಲು ಕಡಿಯುವುದು ತನ್ನ ಊಟವನ್ನೇ. ತಮ್ಮನ ಶುಲ್ಕಕ್ಕೆಂದು ತನಗೆ ಬಂದ ವಿದ್ಯಾರ್ಥಿವೇತನವನ್ನು ಮನೆಗೇ ಕೊಡುವ ಹೆಣ್ಣುಮಕ್ಕಳೂ ಇದ್ದಾರೆ. ಇವರಿಗೆ ಮಿತವ್ಯಯವನ್ನು ಕಲಿಸಲು ಹೊರಟವರಿಗೆ ಏನೆಂದು ಹೇಳೋಣ!

ಸರಕಾರವೇನು ಮಾಡುತ್ತಿದೆ ಎಂದು ಕೇಳಬಹುದು. ವಸತಿನಿಲಯಗಳಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಎಂಬ ಯೋಜನೆ ೨೦೧೩-೧೪ರ ಸುಮಾರಿಗೆ ಬಂದಾಗ ಗೊತ್ತುಮಾಡಿದ ನೆರವು ಊಟ ಮತ್ತು ವಸತಿ ಎರಡಕ್ಕೂ ಸೇರಿ ತಿಂಗಳಿಗೆ ೧,೫೦೦ ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ಅಂದರೆ ದಿನಕ್ಕೆ ೫೦. ಉದ್ದೇಶ ಒಳ್ಳೆಯದೇ, ಬೀಜಕ್ಕೆ ತಕ್ಕ ನೀರು ಬೇಡವೇ? ಇಂಥ ಹಣಗಳೆಲ್ಲ ಬಹುಸಲ ಹಸಿವಾದಾಗ ಬರುವುದಿಲ್ಲ, ಪರೀಕ್ಷೆ ಮುಗಿದು ಹುಡುಗ ಊರಿಗೆ ಹೋದಮೇಲೆ ಬರುತ್ತವೆ. ವಿಳಂಬವಾದ ಅನ್ನ ಅನ್ನವಲ್ಲ. ನಗರಗಳಲ್ಲಿ ೨೦೧೭ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳು ಐದು ರೂಪಾಯಿಗೆ ಉಪಾಹಾರ, ಹತ್ತು ರೂಪಾಯಿಗೆ ಊಟ ಎಂದು ಹೊರಟಾಗ ಅದರ ಸಾಲಿನಲ್ಲಿ ಕೂಲಿಕಾರರ ಜೊತೆಗೆ ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡವರೂ ನಿಂತರು. ಆದರೆ ಸರಕಾರದ ಚರ್ಚೆಯನ್ನು ಇಲ್ಲಿಗೆ ಬಿಡೋಣ. ಈ ಪತ್ರಿಕೆಯನ್ನು ಓದುವವರು ಶ್ರೀಮಠದ ಭಕ್ತರು. ನಮ್ಮ ಮಾತು ನಮ್ಮಲ್ಲಿಯೇ ನಡೆಯಲಿ.

ನಮ್ಮ ಮನೆಯ ಮದುವೆಗಳಲ್ಲಿ ಒಂದು ಎಲೆಯ ಖರ್ಚು ಇಂದು ೩೦೦ ರೂಪಾಯಿಗೆ ಕಡಿಮೆಯಿಲ್ಲ. ಸಾವಿರ ಎಲೆಗಳ ಮದುವೆಯಲ್ಲಿ ನೂರು ಎಲೆಗಳ ಪದಾರ್ಥವಾದರೂ ತಿಪ್ಪೆಗೆ ಹೋಗುತ್ತದೆಂಬುದನ್ನು ಬಡಿಸುವವರು ಬಲ್ಲರು. ಆ ನೂರು ಎಲೆಗಳ ೩೦,೦೦೦ದಲ್ಲಿ ಅರವತ್ತು ವಿದ್ಯಾರ್ಥಿಗಳ ಒಂದು ತಿಂಗಳ ಐನೂರರ ಕೊರತೆ ತುಂಬುತ್ತದೆ. ಮದುವೆಯ ಮಾತು ಖಾಸಗಿಯದೆನ್ನುವುದಾದರೆ ಮಠಗಳ ಮಾತನ್ನೇ ತೆಗೆದುಕೊಳ್ಳಿ. ಪೂಜ್ಯರ ಜನ್ಮದಿನಕ್ಕೆ ಊರ ತುಂಬ ಫ್ಲೆಕ್ಸು, ಮಳೆ ಬಂದರೆ ಹರಿದು ಗಟಾರಕ್ಕೆ. ಬೆಳ್ಳಿಯ ಕಿರೀಟ, ಬೆಳ್ಳಿಯ ಪಲ್ಲಕ್ಕಿ, ನಾಣ್ಯಗಳ ತುಲಾಭಾರ, ಇವುಗಳಲ್ಲಿ ಭಕ್ತಿ ಇಲ್ಲವೆಂದು ಹೇಳುವ ಧಾರ್ಷ್ಟ್ಯ ನಮಗಿಲ್ಲ. ತುಲಾಭಾರದ ಹಣವನ್ನು ದಾಸೋಹಕ್ಕೇ ಬಿಟ್ಟುಕೊಡುವ ಸ್ವಾಮಿಗಳೂ ಇದ್ದಾರೆ, ಅವರಿಗೆ ಶರಣು. ಆದರೆ ನಮ್ಮಲ್ಲಿ ಕಟ್ಟಿಸುವ ಹುಮ್ಮಸ್ಸು ಹೆಚ್ಚು, ನಡೆಸುವ ತಾಳ್ಮೆ ಕಡಿಮೆ. ಕಟ್ಟಡಕ್ಕೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಬೇಳೆಯ ಚೀಲದ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಹಳೆಯ ಪ್ರಸಾದ ನಿಲಯಗಳ ಕೆಲವೆಡೆ ಇಂದು ವಾಣಿಜ್ಯ ಮಳಿಗೆಗಳು ಬಂದು ಕುಳಿತಿವೆ. ಇನ್ನು ಕೆಲವೆಡೆ ಪ್ರಸಾದ ನಿಲಯವೆಂಬ ಹೆಸರು ಉಳಿದು, ಒಳಗೆ ಪ್ರಸಾದಕ್ಕೆ ಮಾಸಿಕ ದರ ಬಂದಿದೆ. ಶಾಲೆಯ ಮಕ್ಕಳಿಗೆ ತೆರೆದಿರುವ ಬಾಗಿಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ತೆರೆಯುವುದಿಲ್ಲ, ಅವನು ದೊಡ್ಡವನಾದನಂತೆ! ಹಸಿವಿಗೂ ಸ್ನಾತಕ, ಸ್ನಾತಕೋತ್ತರ ಎಂಬ ಭೇದವಿದೆಯೇ?

ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. ವಿಶ್ವವಿದ್ಯಾಲಯಗಳಿರುವ ಊರುಗಳ ಮಠಗಳಲ್ಲಿ, ಅಲ್ಲಿಯೇ ವಾಸಿಸದ ವಿದ್ಯಾರ್ಥಿಗಳೂ ರಾತ್ರಿಯ ಪಂಕ್ತಿಯಲ್ಲಿ ಕುಳಿತುಕೊಳ್ಳುವಂತೆ ಅನುಮತಿ ಕೊಡಲಿ. ಜಾತಿಯ ಪ್ರಮಾಣಪತ್ರ ಕೇಳುವುದು ಬೇಡ. ಕಾಲೇಜಿನ ಗುರುತಿನ ಚೀಟಿ ಸಾಕು. ಅದೂ ಆಗದ ಊರುಗಳಲ್ಲಿ ಭಕ್ತರು ಖಾನಾವಳಿಯವರೊಡನೆಯೇ ಮಾತಾಡಲಿ: ಮುಂಗಡಕ್ಕೆ ಐನೂರು ಸಾಲದ ವಿದ್ಯಾರ್ಥಿ ಬಂದಾಗ ಅವನಲ್ಲಿದ್ದ ಹಣವನ್ನು ಪೂರ್ಣ ಮುಂಗಡವೆಂದೇ ಸ್ವೀಕರಿಸಿ, ಉಳಿದದ್ದನ್ನು ಭಕ್ತರ ಖಾತೆಗೆ ಬರೆಯಲಿ. ಕೊಟ್ಟವರು ಯಾರೆಂದು ಹುಡುಗನಿಗೆ ತಿಳಿಯಬೇಕಾಗಿಲ್ಲ. ಪಡೆದವನು ಯಾರೆಂದು ಕೊಟ್ಟವರಿಗೂ ತಿಳಿಯಬೇಕಾಗಿಲ್ಲ. ಫೋಟೋ ಬೇಡ, ಶಾಲು ಬೇಡ. ನೂರು ವಿದ್ಯಾರ್ಥಿಗಳಿಗೆ ಹತ್ತು ತಿಂಗಳಿಗೆ ಐದು ಲಕ್ಷ ರೂಪಾಯಿ. ಒಂದು ತಾಲೂಕಿನ ಭಕ್ತರಿಗೆ ಇದು ಭಾರವಾದ ಮೊತ್ತವೇ?

ಇದನ್ನು ಬರೆಯುತ್ತಿರುವಾಗಲೂ ಆಕ್ಷೇಪ ಕೇಳಿಬರುತ್ತಿದೆ: ಹೀಗೆ ಕೊಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ, ಕಾಯಕದ ತತ್ವಕ್ಕೆ ಭಂಗ ಬರುತ್ತದೆ. ಓದುವವನಿಗೆ ಓದೇ ಕಾಯಕ. ರಾತ್ರಿ ಹನ್ನೊಂದರವರೆಗೆ ಹೋಟೆಲಿನಲ್ಲಿ ಬಡಿಸಿ, ಇಲ್ಲವೆ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸಿ ಬಂದು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿ ಎನ್ನುವವರು ಅವನ ಜೊತೆ ಒಂದು ರಾತ್ರಿ ತಿರುಗಿ ಬರಲಿ. ಕೆಲಸ ಮಾಡಿ ಓದುವುದು ಗೌರವದ ಸಂಗತಿಯೇ. ಆದರೆ ಊರ ತುಂಬ ಅನ್ನ ಹೊತ್ತು ತಿರುಗಿದವನು ಕಡೆಗೆ ಖೋಲಿಗೆ ಬಂದು ನೀರು ಕುಡಿದು ಮಲಗುವುದನ್ನು ಕಾಯಕವೆಂದು ಕರೆದು ಶರಣರ ಹೆಸರಿಗೆ ಮಸಿ ಬಳಿಯಬಾರದು.

ಎಲ್ಲವೂ ಒಮ್ಮೆಲೇ ಆಗದೆಂಬುದು ನಮಗೂ ತಿಳಿದಿದೆ. ಹಾಗಾದರೆ ಭಾನುವಾರ ರಾತ್ರಿಯಿಂದ ಆರಂಭಿಸಬಹುದು. ಖಾನಾವಳಿಗಳೆಲ್ಲ ಬಾಗಿಲು ಹಾಕಿರುವ, ಮುಂಗಡ ಕೊಟ್ಟವನಿಗೂ ಕೊಡದವನಿಗೂ ಊಟವಿಲ್ಲದ ರಾತ್ರಿ ಅದು. ವಾರಕ್ಕೊಂದೇ ಹೊತ್ತು. ದೊಡ್ಡ ಪಾತ್ರೆಗಳು ಪ್ರತಿಯೊಂದು ಮಠದ ಉಗ್ರಾಣದಲ್ಲಿಯೂ ಇವೆ. ಜಾತ್ರೆಯ ಹೊರತಾಗಿ ಅವು ಬೋರಲಾಗಿಯೇ ಇರುತ್ತವೆ. ಅಕ್ಕಿ, ಬೇಳೆ, ಒಂದು ಪಲ್ಲೆ, ಸಾಧ್ಯವಾದರೆ ಮಜ್ಜಿಗೆ. ಒಂದೊಂದು ಭಾನುವಾರವನ್ನು ಒಂದೊಂದು ಓಣಿಯ ಭಕ್ತರು ಹೊತ್ತುಕೊಂಡರೆ ಒಂದು ಓಣಿಗೆ ವರ್ಷದಲ್ಲಿ ಎರಡು ಮೂರು ಸರದಿ ಮಾತ್ರ ಬಂದೀತು. ಪಾತ್ರೆ ತೊಳೆಯುವ, ಬಡಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಲಿ, ಅವರು ಬೇಡವೆನ್ನುವುದಿಲ್ಲ. ಸಂಜೆ ಏಳೂವರೆಗೆ ಗಂಟೆ ಬಾರಿಸಿದರೆ ಸಾಕು. ಹಳ್ಳಿಯ ಬಸ್ಸು ಹಿಡಿಯಬೇಕಾದವರಿಗೂ ಸಮಯ ಸಿಗುತ್ತದೆ. ಯಾವ ಮಠದವರು ಮೊದಲು ಆರಂಭಿಸುವರೋ ಅವರು ಪತ್ರಿಕೆಗೆ ಒಂದು ಕಾಗದ ಬರೆಯಲಿ: ಎಷ್ಟು ಮಂದಿ ಉಂಡರು, ಎಷ್ಟು ಅಕ್ಕಿ ಬೇಕಾಯಿತು, ಎಷ್ಟು ಉಳಿಯಿತು. ಮುಂದಿನ ಸಂಚಿಕೆಗಳಲ್ಲಿ ಭಾಷಣಗಳ ವರದಿಗೆ ಕೊಡುವ ಜಾಗವನ್ನು ಆ ಲೆಕ್ಕಕ್ಕೆ ಕೊಡಬಹುದು.